ಹೆಚ್ಚುವರಿ ಆಯಾಮಗಳು ಇರುವುದಾದರೂ ಎಲ್ಲಿ? ಅವನ್ನು ಅಳೆಯೋಕೆ ಆಗುತ್ತಾ?

ಮೂರನೇ ಬೆಂಚು:

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕಾಮರ್ಸ್. ಭೌತಶಾಸ್ತ್ರವನ್ನು ಈಗ ಆಸೆಪಟ್ಟು ಓದಿಕೊಳ್ಳುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.

ಕಣಗಳೆಲ್ಲ ಕಂಪಿಸುವ ಪುಟ್ಟ ತಂತಿಗಳು ಅನ್ನುವ ಸ್ಟ್ರಿಂಗ್ ಥಿಯರಿಗೆ ಹತ್ತು ಆಯಾಮ ಬೇಕು ಅಂತ ಎಲ್ಲ ಕಡೆ ಓದುತ್ತೇನೆ. ನಮಗೆ ಗೊತ್ತಿರುವುದು ಉದ್ದ, ಅಗಲ, ಎತ್ತರ, ಜೊತೆಗೆ ಕಾಲ. ಉಳಿದ ಆರು ಚಿಕ್ಕದಾಗಿ ಸುತ್ತಿಕೊಂಡಿವೆಯಂತೆ. ಇದಕ್ಕೆ ಪೈಪಿನ ಉದಾಹರಣೆ ಕೊಡುತ್ತಾರೆ. ದೂರದಿಂದ ನೋಡಿದರೆ ಪೈಪು ಬರೀ ಗೆರೆ. ಹತ್ತಿರ ಹೋದರೆ ಇರುವೆಯೊಂದು ಅದರ ಸುತ್ತ ಓಡಾಡುವುದು ಕಾಣುತ್ತದೆ. ಅರ್ಥವಾಯಿತು ಅಂದುಕೊಂಡು ಮಗಳಿಗೆ ಹೇಳಿದೆ. ಅವಳು ಒಂಬತ್ತನೇ ಕ್ಲಾಸು. "ಹಾಗಾದ್ರೆ ಪೈಪಿನ ಒಳಗೆ ಏನಿದೆ ಅಪ್ಪ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಆಯಾಮಗಳು ಎಲ್ಲಿವೆ? ಅಳೆಯಲು ಸಾಧ್ಯವಾ, ಇಲ್ಲ ಲೆಕ್ಕ ಸರಿಹೋಗಲಿ ಅಂತ ಸುಮ್ನೆ ಸೇರಿಸಿದ್ದಾ? ಗುರುತ್ವಕ್ಕೂ ಕ್ವಾಂಟಮ್ ಸಿದ್ಧಾಂತ, ಅಂದರೆ ಪರಮಾಣುಗಳಂಥ ಚಿಕ್ಕ ಲೋಕದ ನಿಯಮ, ಬೇಕೇ ಬೇಕು ಅಂತ ಯಾಕೆ ಹೇಳುತ್ತಾರೆ?

ಗಣಿತ ಮೇಷ್ಟ್ರು:

ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಪೈಪಿನ ಉದಾಹರಣೆಯಲ್ಲಿ ಇರುವ ತೊಂದರೆ ಅದೇ. ಪೈಪನ್ನು ನಾವು ಹೊರಗೆ ನಿಂತು ನೋಡುತ್ತೇವೆ. ಹಾಗಾಗಿ ಅದಕ್ಕೆ ಒಳಗು, ಹೊರಗು ಎರಡೂ ಇವೆ ಅನ್ನಿಸುತ್ತದೆ. ದೇಶಕ್ಕೆ, ಅಂದರೆ ನಾವೆಲ್ಲ ಇರುವ ಸ್ಪೇಸ್‌ಗೆ, ಹಾಗೆ ಹೊರಗೆ ನಿಲ್ಲುವ ಜಾಗವೇ ಇಲ್ಲ.

ಆಯಾಮ ಅಂದರೆ ಒಂದು ಜಾಗವನ್ನು ಗುರುತಿಸಲು ಬೇಕಾದ ಸಂಖ್ಯೆಗಳ ಎಣಿಕೆ, ಅಷ್ಟೇ. ಕೋಣೆಯಲ್ಲಿ ಸೊಳ್ಳೆ ಎಲ್ಲಿದೆ ಅಂತ ಹೇಳಲು ಮೂರು ಸಂಖ್ಯೆ ಸಾಕು. ನಾಲ್ಕನೆಯದೊಂದು ಬೇಕು ಅನ್ನಿ. ಆ ನಾಲ್ಕನೆಯದು ಗಡಿಯಾರದ ಅಂಕಿಯ ಹಾಗೆ. ಹನ್ನೆರಡು ಆದ ಮೇಲೆ ಹದಿಮೂರು ಬರುವುದಿಲ್ಲ, ಮತ್ತೆ ಒಂದು ಬರುತ್ತದೆ. ಹನ್ನೆರಡು ಮತ್ತು ಒಂದರ ನಡುವೆ ಗೋಡೆ ಇಲ್ಲ. ಈ ಎಣಿಕೆಗೆ "ಒಳಗು" ಅನ್ನುವುದೂ ಇಲ್ಲ. ಸುತ್ತಿಕೊಂಡ ಆಯಾಮ ಅಂದರೆ ಇದು. ಎಲ್ಲಿದೆ ಅಂದರೆ, ನಿಮ್ಮ ಮೂಗಿನ ತುದಿಯಲ್ಲೂ ಇದೆ, ಸೂರ್ಯನಲ್ಲೂ ಇದೆ. ಪ್ರತಿ ಬಿಂದುವಿನಲ್ಲೂ ಅಂಥ ಒಂದು ಸುತ್ತು. ತುಂಬಾ ಚಿಕ್ಕದು ಅನ್ನುವುದಷ್ಟೇ ಬೇರೆ ಮಾತು.

ಲೆಕ್ಕದ ಅನುಕೂಲಕ್ಕಾ ಅಂತ ಕೇಳಿದಿರಿ. ಇದರ ಹುಟ್ಟು ಸ್ಟ್ರಿಂಗ್ ಥಿಯರಿಯಲ್ಲಿ ಅಲ್ಲ. 1919ರಲ್ಲಿ ಥಿಯೋಡರ್ ಕಲೂಜಾ ಅನ್ನುವ ಗಣಿತಜ್ಞರು ಐನ್‌ಸ್ಟೈನರಿಗೆ ಒಂದು ಲೇಖನ ಕಳಿಸಿದರು. ಐನ್‌ಸ್ಟೈನರ ಗುರುತ್ವದ ಸಮೀಕರಣವನ್ನು ನಾಲ್ಕರ ಬದಲು ಐದು ಆಯಾಮದಲ್ಲಿ ಬರೆದಿದ್ದರು. ಬಿಡಿಸಿ ನೋಡಿದರೆ ಒಂದು ಭಾಗದಲ್ಲಿ ಮಾಮೂಲಿ ಗುರುತ್ವ. ಇನ್ನೊಂದು ಭಾಗದಲ್ಲಿ ಮ್ಯಾಕ್ಸ್‌ವೆಲ್ಲರ ವಿದ್ಯುತ್ಕಾಂತೀಯ ಸಮೀಕರಣ, ಬೆಳಕನ್ನು ವಿವರಿಸುವುದೂ ಅದೇ! ಯಾರೂ ಹಾಕದೇ ಬೆಳಕು ತಾನಾಗಿ ಬಂದು ಕೂತಿತ್ತು. ನಾನು ಮೊದಲ ಸಲ ಈ ಲೆಕ್ಕವನ್ನು ಕೈಯಾರೆ ಮಾಡಿದ ರಾತ್ರಿ ನಿದ್ದೆ ಬರಲಿಲ್ಲ.

ಆ ಲೇಖನ ಅಚ್ಚಾಗಿದ್ದು 1921ರಲ್ಲಿ. ಐದನೆಯದು ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ 1926ರಲ್ಲಿ ಆಸ್ಕರ್ ಕ್ಲೈನ್ ಉತ್ತರ ಕೊಟ್ಟರು. ಅದು ಚಿಕ್ಕ ಸುತ್ತು ಅಂದರು. ಸುತ್ತಿನ ಮೇಲೆ ಅಲೆ ಓಡಬೇಕಾದರೆ ಅದು ಒಂದು ಸುತ್ತಿಗೆ ಒಂದು, ಎರಡು, ಮೂರು ಸಲ ಪೂರ್ತಿಯಾಗಿ ಕೂರಬೇಕು. ಒಂದೂವರೆ ಕೂರುವುದಿಲ್ಲ. ವಿದ್ಯುದಾವೇಶ ಯಾವಾಗಲೂ ಇಡೀ ಇಡೀ ಪಾಲುಗಳಲ್ಲಿ ಬರುವುದಕ್ಕೆ ಇದೇ ಕಾರಣ ಅಂತ ಅವರು ತೋರಿಸಿದರು. ಎಲೆಕ್ಟ್ರಾನಿನ ಆವೇಶದಿಂದ ಲೆಕ್ಕ ಹಾಕಿದರೆ ಸುತ್ತಿನ ಅಳತೆ ಸುಮಾರು 10⁻³² ಮೀಟರ್ ಬಂತು. ಪ್ರೋಟಾನಿನ ಗಾತ್ರ 10⁻¹⁵ ಮೀಟರಿನ ಆಸುಪಾಸು.

ನಿಧಾನ ಓದುಗ:

ಮೇಷ್ಟ್ರೇ, ಕಥೆಯ ಇನ್ನರ್ಧವನ್ನೂ ಹೇಳಿ. ಕ್ಲೈನ್ ಲೆಕ್ಕದ ಪ್ರಕಾರ ಆವೇಶ ಇರುವ ಕಣ ಭಯಂಕರ ಭಾರ ಇರಬೇಕು. ಎಲೆಕ್ಟ್ರಾನ್ ಅದಕ್ಕೆ ಹೋಲಿಸಿದರೆ ಏನೂ ಇಲ್ಲ. ಅಂದರೆ ಆ ಸಿದ್ಧಾಂತ ಸೋತಿತು.

ಗಣಿತ ಮೇಷ್ಟ್ರು:

ನಿಜ. ಗುರುತ್ವ ಮತ್ತು ಕ್ವಾಂಟಮ್ ಎರಡೂ ಒಟ್ಟಿಗೆ ಮುಖ್ಯವಾಗುವ ಪ್ಲಾಂಕ್ ದ್ರವ್ಯರಾಶಿಯ ಹತ್ತಿರ ಬರುತ್ತದೆ, ಅಂದರೆ ಸುಮಾರು 22 ಮೈಕ್ರೋಗ್ರಾಂ. ಒಂದು ಕಣಕ್ಕೆ ಅದು ಊಹಿಸಲಾಗದಷ್ಟು ಜಾಸ್ತಿ. ಇನ್ನೊಂದು ತೊಡಕೂ ಇತ್ತು. ಗುರುತ್ವ, ಬೆಳಕು ಎರಡರ ಜೊತೆ ಮೂರನೆಯದೊಂದು ಹೊಸ ಕ್ಷೇತ್ರವೂ (ಜಾಗ ಜಾಗಕ್ಕೂ ಒಂದು ಬೆಲೆ ಇರುವಂಥದ್ದು) ಸಮೀಕರಣದಿಂದ ಹೊರಬರುತ್ತದೆ. ಅದನ್ನು ಬೇಕೆಂದೇ ಸ್ಥಿರ ಅಂತ ಇಟ್ಟುಕೊಂಡರು. ಅದರ ವಿಷಯ ಇನ್ನೊಮ್ಮೆ.

ಲ್ಯಾಬ್ ಕೋಣೆ:

ನಾನು ಅಳೆಯುವ ಕೆಲಸದವನು. ಹಾಗಾಗಿ "ಅಳೆಯೋಕೆ ಆಗುತ್ತಾ" ಅನ್ನುವುದಕ್ಕೆ ಉತ್ತರ ಕೊಡುತ್ತೇನೆ. ಖಂಡಿತ ಆಗುತ್ತದೆ. ಅಳೆಯಲು ನೋಡಿಯೂ ಇದ್ದಾರೆ.

ದೂರ ಎರಡು ಪಟ್ಟಾದರೆ ಗುರುತ್ವ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಯಾಕೆ ನಾಲ್ಕು? ಒಂದು ವಸ್ತುವಿನಿಂದ ಎಳೆತ ಎಲ್ಲ ದಿಕ್ಕಿಗೂ ಹರಡುತ್ತದೆ ಅಂದುಕೊಳ್ಳಿ. ಮೂರು ಆಯಾಮದಲ್ಲಿ ಅದು ಗೋಳದ ಮೇಲ್ಮೈ ಮೇಲೆ ತೆಳುವಾಗುತ್ತದೆ. ಮೇಲ್ಮೈ ಬೆಳೆಯುವುದು ದೂರದ ವರ್ಗದಂತೆ. ಅಂದರೆ ವಿಲೋಮ ವರ್ಗ ನಿಯಮದಲ್ಲೇ ಮೂರು ಅನ್ನುವ ಸಂಖ್ಯೆ ಅಡಗಿದೆ. ಇನ್ನೊಂದು ಆಯಾಮ ಇದ್ದರೆ ಎಳೆತ ಅದರೊಳಕ್ಕೂ ಹರಡಬೇಕು. ಆಗ ಎರಡು ಪಟ್ಟು ದೂರಕ್ಕೆ ಎಂಟನೇ ಒಂದು ಪಾಲು. ಹೆಚ್ಚುವರಿ ಎರಡು ಆಯಾಮ ಇದ್ದರೆ ಹದಿನಾರನೇ ಒಂದು.

ಆಯಾಮ ಸುತ್ತಿಕೊಂಡಿದ್ದರೆ ಈ ವ್ಯತ್ಯಾಸ ಅದರ ಅಳತೆಗಿಂತ ಹತ್ತಿರ ಹೋದಾಗ ಮಾತ್ರ ಕಾಣುತ್ತದೆ. ದೂರದಲ್ಲಿ ಮತ್ತೆ ಮಾಮೂಲಿ ನ್ಯೂಟನ್. ಹಾಗಾದರೆ ಕೆಲಸ ಏನು? ಎರಡು ವಸ್ತುಗಳನ್ನು ಆದಷ್ಟು ಹತ್ತಿರ ತಂದು ಗುರುತ್ವ ಅಳೆಯಿರಿ. ಕೇಳಲು ಸುಲಭ. 1998ರ ಹೊತ್ತಿಗೆ ಮಿಲಿಮೀಟರಿಗಿಂತ ಕೆಳಗೆ ಇದನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ! ಅದೇ ವರ್ಷ ಅರ್ಕಾನಿ ಹಮೇದ್, ಡಿಮೋಪೊಲಸ್, ದ್ವಾಲಿ ಅನ್ನುವ ಮೂವರು ಭೌತಶಾಸ್ತ್ರಜ್ಞರು ಒಂದು ಧೈರ್ಯದ ಮಾತು ಹೇಳಿದರು. ಗುರುತ್ವ ದುರ್ಬಲವಾಗಿ ಕಾಣುವುದು ಅದು ಬೇರೆ ಆಯಾಮಗಳೊಳಗೆ ಹರಡಿ ತೆಳುವಾಗಿರುವುದರಿಂದ ಇರಬಹುದು ಅಂತ. ದುರ್ಬಲ ಅಂದರೆ ಎಷ್ಟು? ಎರಡು ಪ್ರೋಟಾನ್‌ಗಳ ನಡುವಿನ ವಿದ್ಯುತ್ ತಳ್ಳಾಟ ಅವುಗಳ ಗುರುತ್ವಕ್ಕಿಂತ ಸುಮಾರು 10³⁶ ಪಟ್ಟು ದೊಡ್ಡದು. ಇಡೀ ಭೂಮಿ ಕೆಳಕ್ಕೆ ಎಳೆಯುತ್ತಿರುವ ಗುಂಡುಪಿನ್ನನ್ನು ಒಂದು ಪುಟ್ಟ ಆಯಸ್ಕಾಂತ ಎತ್ತಿಬಿಡುತ್ತದಲ್ವಾ.

ಅವರ ಲೆಕ್ಕದಲ್ಲಿ ಇಂಥ ಆಯಾಮ ಒಂದೇ ಇದ್ದರೆ ಅದರ ಅಳತೆ ಭೂಮಿಗೂ ಸೂರ್ಯನಿಗೂ ಇರುವ ದೂರದಷ್ಟು ಬರುತ್ತದೆ. ಹಾಗಿದ್ದರೆ ಗ್ರಹಗಳ ಕಕ್ಷೆಯಲ್ಲೇ ಗೊತ್ತಾಗುತ್ತಿತ್ತು. ಎರಡಿದ್ದರೆ ಮಿಲಿಮೀಟರಿನ ಆಸುಪಾಸು. ಅಂದರೆ ಮೇಜಿನ ಮೇಲೆ ಅಳೆಯಬಹುದು!

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಓಟ್ವಾಶ್ ಗುಂಪು ಇದಕ್ಕೆ ಕೂತಿತು. ತೆಳ್ಳನೆಯ ತಂತಿಗೆ ಒಂದು ಲೋಹದ ತಟ್ಟೆ ನೇತುಹಾಕುತ್ತಾರೆ. ಕೆಳಗೆ ಇನ್ನೊಂದು ತಟ್ಟೆ ನಿಧಾನ ತಿರುಗುತ್ತದೆ. ಎರಡರಲ್ಲೂ ತೂತುಗಳ ವಿನ್ಯಾಸ. ಕೆಳಗಿನ ತೂತುಗಳು ಮೇಲಿನವುಗಳ ಅಡಿಯಿಂದ ಹಾದು ಹೋಗುವಾಗ ಎಳೆತ ಏರಿಳಿಯುತ್ತದೆ, ತಂತಿ ತುಸುವೇ ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಕನ್ನಡಿಯಿಂದ ಹೊಮ್ಮಿದ ಬೆಳಕಿನಲ್ಲಿ ಅಳೆಯುತ್ತಾರೆ. ಇದರಲ್ಲಿ ಶತ್ರು ಗುರುತ್ವ ಅಲ್ಲ, ವಿದ್ಯುತ್ತು. ತಟ್ಟೆಯ ಮೇಲೆ ಕುಳಿತ ಚೂರು ಆವೇಶವೂ ಎಲ್ಲವನ್ನೂ ನುಂಗಿಬಿಡುತ್ತದೆ. ಅದಕ್ಕೇ ನಡುವೆ ಬಿಗಿಯಾಗಿ ಎಳೆದು ಕಟ್ಟಿದ ತೆಳು ಲೋಹದ ಹಾಳೆ ಇಡುತ್ತಾರೆ. ಒಂದು ಧೂಳಿನ ಕಣ ನಡುವೆ ಸಿಕ್ಕಿಕೊಂಡರೂ ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಇಂಥ ಕೆಲಸದ ಹಿಂದಿನ ತಾಳ್ಮೆ ಬಗ್ಗೆ ನನಗೆ ತುಂಬಾ ಗೌರವ.

2020ರ ಅವರ ಫಲಿತಾಂಶದಲ್ಲಿ 52 ಮೈಕ್ರೋಮೀಟರ್ ಹತ್ತಿರದವರೆಗೂ ನ್ಯೂಟನ್ನರ ನಿಯಮ ಹಾಗೇ ನಿಂತಿದೆ. ಅದರ ಪ್ರಕಾರ ಇಂಥ ಆಯಾಮ ಏನಾದರೂ ಇದ್ದರೆ ಅತಿ ದೊಡ್ಡದು 30 ಮೈಕ್ರೋಮೀಟರಿಗಿಂತ ಚಿಕ್ಕದಿರಬೇಕು. ತಲೆಕೂದಲಿನ ದಪ್ಪದ ಅರ್ಧಕ್ಕಿಂತ ಕಡಿಮೆ.

ಮೂರನೇ ಬೆಂಚು:

ಲ್ಯಾಬ್ ಕೋಣೆ ಸರ್, ವಿಲೋಮ ವರ್ಗ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರೊಳಗೆ ಮೂರು ಆಯಾಮ ಇದೆ ಅಂತ ಇವತ್ತು ಗೊತ್ತಾಯಿತು.

ಬೆಳ್ಳಿಚುಕ್ಕಿ:

ಇದೇ ಪ್ರಶ್ನೆಯನ್ನು ಆಕಾಶದ ಕಡೆಯಿಂದಲೂ ಕೇಳಿದ್ದಾರೆ. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದ ಗುರುತ್ವದ ಅಲೆ ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರ. 1.7 ಸೆಕೆಂಡಿನ ನಂತರ ಗಾಮಾ ಕಿರಣ ಬಂತು. ಆಮೇಲೆ ದೂರದರ್ಶಕಗಳಲ್ಲಿ ಬೆಳಕೂ ಕಂಡಿತು. ಹಾಗಾಗಿ ಯಾವ ಗ್ಯಾಲಕ್ಸಿ ಅಂತ ಗೊತ್ತಾಯಿತು, ಅದರ ದೂರ ಬೇರೆ ದಾರಿಯಿಂದ ತಿಳಿಯಿತು. ಗುರುತ್ವದ ಅಲೆ ದಾರಿಯಲ್ಲಿ ಬೇರೆ ಆಯಾಮಕ್ಕೆ ಸೋರಿಹೋಗಿದ್ದರೆ ಕ್ಷೀಣವಾಗಿ ಬರಬೇಕಿತ್ತು, ತಾರೆಗಳು ಇನ್ನೂ ದೂರ ಇದ್ದಂತೆ ಕಾಣಬೇಕಿತ್ತು. ಹಾಗೆ ಆಗಲಿಲ್ಲ. ಎರಡೂ ದೂರ ಹೊಂದಿಕೊಂಡವು.

ಗಮನಿಸಿ, ಇದು ದೊಡ್ಡ ಆಯಾಮಗಳ ಬಗ್ಗೆ ಮಾತ್ರ ಹೇಳುತ್ತದೆ. 10⁻³² ಮೀಟರಿನ ಸುತ್ತು ಇದ್ದರೂ ಈ ಅಲೆಗೆ ಗೊತ್ತೇ ಆಗುವುದಿಲ್ಲ.

ನಿಧಾನ ಓದುಗ:

ನನ್ನ ತಕರಾರು ಅಲ್ಲೇ ಇರುವುದು. ಕಾಣಲಿಲ್ಲ ಅಂದರೆ ಇನ್ನೂ ಚಿಕ್ಕದಿರಬೇಕು ಅನ್ನುತ್ತೀರಿ. ಕಣಗಳನ್ನು ಡಿಕ್ಕಿ ಹೊಡೆಸುವ ದೊಡ್ಡ ಯಂತ್ರ ಎಲ್‌ಎಚ್‌ಸಿ 13 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಹುಡುಕಿತು. ದೊಡ್ಡ ಆಯಾಮ ಇದ್ದಿದ್ದರೆ ಹುಟ್ಟಬಹುದಾಗಿದ್ದ ಪುಟ್ಟ ಕಪ್ಪುಕುಳಿ ಸಿಗಲಿಲ್ಲ. ಬೇರೆ ಆಯಾಮಕ್ಕೆ ಜಾರಿಹೋದ ಶಕ್ತಿಯ ಗುರುತೂ ಸಿಗಲಿಲ್ಲ. ಗುರುತ್ವ ಮತ್ತು ಕ್ವಾಂಟಮ್ ಒಟ್ಟಿಗೆ ಕಾಣಬೇಕಾದ ಪ್ಲಾಂಕ್ ಶಕ್ತಿ ಅದಕ್ಕಿಂತ ಸುಮಾರು 10¹⁵ ಪಟ್ಟು ಮೇಲಿದೆ. ಆ ಆರು ಆಯಾಮ ಸುತ್ತಿಕೊಳ್ಳುವ ಬಗೆಗಳೋ, 10⁵⁰⁰ ಅನ್ನುವ ಅಂದಾಜು ಇದೆ. ಯಾವ ಉತ್ತರ ಬಂದರೂ ಹೊಂದುವ ಸಿದ್ಧಾಂತದಿಂದ ನಾವು ಏನು ಕಲಿತ ಹಾಗಾಯಿತು? ಸಿಟ್ಟಿನಿಂದ ಕೇಳುತ್ತಿಲ್ಲ. ಈ ವಿಷಯ ನನಗೆ ಇಷ್ಟ ಇರುವುದರಿಂದಲೇ ಕೇಳುತ್ತಿದ್ದೇನೆ.

ಲ್ಯಾಬ್ ಕೋಣೆ:

ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ 1998ರ ಆ ಮೂವರು ಒಂದು ಅಳತೆ ಹೇಳಿದರು. ಆ ಅಳತೆಯಲ್ಲಿ ಹುಡುಕಿದೆವು, ಇಲ್ಲ ಅಂತ ಗೊತ್ತಾಯಿತು. ಅದು ಒಳ್ಳೆಯ ವಿಜ್ಞಾನ. ಗುರುತ್ವವನ್ನು ಕೂದಲಿನ ದಪ್ಪದಲ್ಲಿ ಅಳೆಯಲು ನಾವು ಕಲಿತಿದ್ದೇ ಅವರು ಹೇಳಿದ್ದರಿಂದ. ಅಳತೆ ಹೇಳದ ಮಾತಿಗೆ ನಾನೂ ಬೆಲೆ ಕೊಡುವುದಿಲ್ಲ.

ಗಣಿತ ಮೇಷ್ಟ್ರು:

ಹತ್ತು ಆಯಾಮವನ್ನು ಯಾರೂ ಇಷ್ಟಪಟ್ಟು ಆರಿಸಿಕೊಂಡಿದ್ದಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ಕಂಪಿಸುವ ತಂತಿಗೆ ಕ್ವಾಂಟಮ್ ನಿಯಮ ಹಚ್ಚಿದಾಗ ಸಂಭವನೀಯತೆಗಳ ಮೊತ್ತ ಒಂದು ಬರಬೇಕು. ಅದು ಸರಿಯಾಗಿ ಬರುವುದು ಹಳೆಯ ಮಾದರಿಗೆ 26 ಆಯಾಮದಲ್ಲಿ, ಎಲೆಕ್ಟ್ರಾನಿನಂಥ ಕಣಗಳೂ ಇರುವ ಮಾದರಿಗೆ 10ರಲ್ಲಿ. ಸಿದ್ಧಾಂತವೇ ತನಗೆ ಬೇಕಾದ ಆಯಾಮದ ಲೆಕ್ಕ ಹೇಳುವುದು ಬಹಳ ಅಪರೂಪ. ಅದು ನಿಜ ಅನ್ನುವುದಕ್ಕೆ ಇದು ಸಾಕ್ಷಿ ಅಲ್ಲ, ಒಪ್ಪುತ್ತೇನೆ.

ಮೂರನೇ ಬೆಂಚು ಅವರೇ, ನಿಮ್ಮ ಕೊನೆಯ ಪ್ರಶ್ನೆ ಹಾಗೇ ಉಳಿದಿದೆ. ಗುರುತ್ವಕ್ಕೆ ಕ್ವಾಂಟಮ್ ಯಾಕೆ? 1936ರಲ್ಲಿ ಮಟ್ವೇ ಬ್ರಾನ್‌ಸ್ಟೈನ್ ಅನ್ನುವ ಸೋವಿಯತ್ ಭೌತಶಾಸ್ತ್ರಜ್ಞರು ಇದನ್ನು ಎಲ್ಲರಿಗಿಂತ ಮೊದಲು ಆಳವಾಗಿ ಯೋಚಿಸಿದರು. ಇವತ್ತಿನ ಮಾತಿನಲ್ಲಿ ಹೇಳುತ್ತೇನೆ. ಚಿಕ್ಕದನ್ನು ನೋಡಲು ಚಿಕ್ಕ ತರಂಗಾಂತರ ಬೇಕು. ಚಿಕ್ಕ ತರಂಗಾಂತರ ಅಂದರೆ ಜಾಸ್ತಿ ಶಕ್ತಿ. ಇದು ಕ್ವಾಂಟಮ್. ಚಿಕ್ಕ ಜಾಗದಲ್ಲಿ ಜಾಸ್ತಿ ಶಕ್ತಿ ತುರುಕಿದರೆ ಅಲ್ಲಿ ಕಪ್ಪುಕುಳಿ ಆಗುತ್ತದೆ. ಇದು ಗುರುತ್ವ. ಎರಡನ್ನೂ ಒಟ್ಟಿಗೆ ಇಟ್ಟರೆ ಒಂದು ಗಡಿ ಬರುತ್ತದೆ. ಸುಮಾರು 1.6 × 10⁻³⁵ ಮೀಟರ್, ಪ್ಲಾಂಕ್ ಉದ್ದ. ಅದಕ್ಕಿಂತ ಚಿಕ್ಕದನ್ನು ನೋಡಲು ಹೋದಷ್ಟೂ ಕಪ್ಪುಕುಳಿ ದೊಡ್ಡದಾಗುತ್ತದೆ, ನೋಡಬೇಕಾದ್ದು ಅದರ ಒಳಗೇ ಮುಚ್ಚಿಹೋಗುತ್ತದೆ. "ಇಲ್ಲಿಂದ ಅಲ್ಲಿಗೆ ಇಷ್ಟು ದೂರ" ಅನ್ನುವ ಮಾತಿಗೇ ಅಲ್ಲಿ ಅರ್ಥ ಉಳಿಯುವುದಿಲ್ಲ. ಆದರೆ ಐನ್‌ಸ್ಟೈನರ ಸಿದ್ಧಾಂತ ಪೂರ್ತಿ ನಿಂತಿರುವುದು ದೂರದ ಮೇಲೆ. ಅದಕ್ಕೇ ಹೊಸದು ಬೇಕು.

ಬ್ರಾನ್‌ಸ್ಟೈನರನ್ನು ಸ್ಟಾಲಿನ್ ಕಾಲದಲ್ಲಿ ಬಂಧಿಸಿ 1938ರಲ್ಲಿ ಗುಂಡಿಕ್ಕಿ ಕೊಂದರು. ಅವರಿಗೆ ಆಗ 31 ವರ್ಷ. ಈ ಹೆಸರನ್ನು ಬರೆಯದೆ ಪ್ಲಾಂಕ್ ಉದ್ದದ ವಿಷಯ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮೂರನೇ ಬೆಂಚು:

ಹಾಗಾದರೆ ಪ್ಲಾಂಕ್ ಉದ್ದ ಅಂದರೆ ಫೋಟೋದಲ್ಲಿನ ಪಿಕ್ಸೆಲ್ ಥರಾನಾ? ದೇಶ ಅಷ್ಟಷ್ಟು ಚಿಕ್ಕ ಚೌಕಗಳಿಂದ ಆಗಿದೆ ಅನ್ನಬಹುದಾ?

ಬೆಳ್ಳಿಚುಕ್ಕಿ:

ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಆದರೆ ಬೇಡ. ಚೌಕಗಳ ಮೇಲೆ ಬೆಳಕು ಓಡಿದರೆ ತುಂಬಾ ಶಕ್ತಿಯ ಬೆಳಕು ಆ ಒರಟುತನಕ್ಕೆ ತಾಗಿ ಚೂರು ಬೇರೆ ವೇಗದಲ್ಲಿ ಹೋಗಬಹುದು. ಒಂದು ಸಲಕ್ಕೆ ವ್ಯತ್ಯಾಸ ಏನೂ ಇಲ್ಲ. ಕೋಟ್ಯಂತರ ವರ್ಷ ಓಡಿದರೆ ಕೂಡಿಕೊಂಡು ದೊಡ್ಡದಾಗುತ್ತದೆ. 2009ರ ಮೇ 10ರಂದು ಫರ್ಮಿ ದೂರದರ್ಶಕ ಒಂದು ಗಾಮಾ ಸ್ಫೋಟ ಹಿಡಿಯಿತು. ಬೆಳಕು 700 ಕೋಟಿ ವರ್ಷಕ್ಕಿಂತ ಜಾಸ್ತಿ ಓಡಿ ಬಂದಿತ್ತು. ಅದರಲ್ಲಿ 31 ಗಿಗಾ ಎಲೆಕ್ಟ್ರಾನ್ ವೋಲ್ಟ್‌ನ ಒಂದು ಫೋಟಾನ್. ಸ್ಫೋಟ ಶುರುವಾಗಿ ಒಂದು ಸೆಕೆಂಡಿನ ಒಳಗೇ ಅದೂ ಬಂದಿತ್ತು. ಅಷ್ಟು ದೂರಕ್ಕೆ ಅಷ್ಟೇ ಅಂತರ! ಸರಳ ಪಿಕ್ಸೆಲ್ ಕಲ್ಪನೆಗೆ ಅಲ್ಲೇ ಪೆಟ್ಟು ಬಿತ್ತು.

ಅಶ್ತೇಕರ್, ರೊವೆಲ್ಲಿ, ಸ್ಮೋಲಿನ್ ಬೆಳೆಸಿದ, ದೇಶಕ್ಕೇ ಕ್ವಾಂಟಮ್ ನಿಯಮ ಹಚ್ಚುವ ಲೂಪ್ ಕ್ವಾಂಟಮ್ ಗ್ರಾವಿಟಿಯಲ್ಲೂ ವಿಸ್ತೀರ್ಣ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಆದರೆ ಅಲ್ಲಿ ಚೌಕಗಳು ಹರಡಿ ಕೂತಿಲ್ಲ. ಅಳೆದಾಗ ಸಿಗುವ ಉತ್ತರಗಳು ಮಾತ್ರ ಬಿಡಿಬಿಡಿ. ಇದಕ್ಕೆ ಹೆಚ್ಚುವರಿ ಆಯಾಮವೂ ಬೇಡ.

ಆಯಾಮದ ಎಣಿಕೆ ಗಟ್ಟಿಯಾದ ಸಂಖ್ಯೆಯೇ ಅಲ್ಲದಿರಬಹುದು ಅನ್ನುವ ಕೆಲಸ ನನಗೆ ಇನ್ನೂ ಇಷ್ಟ. ಆಂಬ್ಯೋರ್ನ್, ಯುರ್ಕೆವಿಚ್, ಲೋಲ್ ಅನ್ನುವವರು ದೇಶಕಾಲವನ್ನು ಚಿಕ್ಕ ತ್ರಿಕೋನದಂಥ ತುಂಡುಗಳಿಂದ ಕಂಪ್ಯೂಟರಿನಲ್ಲಿ ಕಟ್ಟಿದರು. ಅದರೊಳಗೆ ಒಂದು ತೊಟ್ಟು ಶಾಯಿ ಬಿಟ್ಟ ಹಾಗೆ ಹರಡಲು ಬಿಟ್ಟರು. ಆಯಾಮ ಜಾಸ್ತಿ ಇದ್ದಷ್ಟೂ ಶಾಯಿ ಹೊರಟ ಜಾಗಕ್ಕೆ ವಾಪಸ್ ಬರುವುದು ಕಡಿಮೆ. ಅದನ್ನು ಎಣಿಸಿದರೆ ಒಳಗಿದ್ದುಕೊಂಡೇ ಆಯಾಮ ಅಳೆಯಬಹುದು. 2005ರ ಫಲಿತಾಂಶದಲ್ಲಿ ದೊಡ್ಡ ಅಳತೆಯಲ್ಲಿ ನಾಲ್ಕು ಬಂತು. ತೀರಾ ಚಿಕ್ಕ ಅಳತೆಯಲ್ಲಿ ಎರಡರ ಹತ್ತಿರ. ಎಲ್ಲರೂ ಹೆಚ್ಚಿಗೆ ಆಯಾಮ ಹುಡುಕುತ್ತಿದ್ದಾಗ ಇವರಿಗೆ ಕಡಿಮೆ ಸಿಕ್ಕಿತು.

ಗಣಿತ ಮೇಷ್ಟ್ರು:

1997ರಲ್ಲಿ ಮಾಲ್ದಸೇನಾ ಅನ್ನುವ ಭೌತಶಾಸ್ತ್ರಜ್ಞರು ತೋರಿಸಿದ್ದೂ ಇಲ್ಲಿಗೇ ಸೇರುತ್ತದೆ. ಗುರುತ್ವ ಇರುವ ಒಂದು ಲೋಕ, ಅದರ ಅಂಚಿನ ಮೇಲೆ ಗುರುತ್ವ ಇಲ್ಲದ ಇನ್ನೊಂದು ಲೋಕ. ಅಂಚಿಗೆ ಒಂದು ಆಯಾಮ ಕಡಿಮೆ. ಆದರೂ ಎರಡೂ ಒಂದೇ ಭೌತಶಾಸ್ತ್ರ, ಭಾಷೆ ಮಾತ್ರ ಬೇರೆ ಅನ್ನುವುದು ಅವರ ಊಹೆ. ಹಾಗಿದ್ದರೆ "ಒಟ್ಟು ಎಷ್ಟು ಆಯಾಮ" ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಇದರ ಬೇರು ಕಪ್ಪುಕುಳಿಯಲ್ಲಿದೆ. ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ಕಂಡುಕೊಂಡಂತೆ ಕಪ್ಪುಕುಳಿಯ ಎಂಟ್ರೊಪಿ, ಅಂದರೆ ಅದರೊಳಗೆ ಹಿಡಿಸುವ ಮಾಹಿತಿಯ ಲೆಕ್ಕ, ಅದರ ಗಾತ್ರದಂತೆ ಬೆಳೆಯುವುದಿಲ್ಲ, ಮೇಲ್ಮೈಯಂತೆ ಬೆಳೆಯುತ್ತದೆ. ಪುಸ್ತಕಾಲಯದಲ್ಲಿ ಹಿಡಿಸುವ ಪುಸ್ತಕ ಕೋಣೆಗಳ ಲೆಕ್ಕದಲ್ಲಿ ಇರದೆ ಗೋಡೆಯ ಲೆಕ್ಕದಲ್ಲಿ ಇದ್ದ ಹಾಗೆ. ಒಂದು ಎಚ್ಚರಿಕೆ: ಮಾಲ್ದಸೇನಾ ಲೆಕ್ಕ ನಡೆಯುವ ಲೋಕದ ಬಾಗು ನಮ್ಮ ವಿಶ್ವದ್ದಲ್ಲ.

ನಿಧಾನ ಓದುಗ:

ಇದೆಲ್ಲ ಓದಲು ಖುಷಿ. ಆದರೂ ಕೇಳುತ್ತೇನೆ. ಗುರುತ್ವ ಕ್ವಾಂಟಮ್ ಹೌದೋ ಅಲ್ಲವೋ ಅನ್ನುವ ಬರೀ ಅಷ್ಟನ್ನು ಪ್ರಯೋಗದಲ್ಲಿ ನೋಡಬಹುದಾ? ಇಲ್ಲಿಯವರೆಗೆ ಯಾರಾದರೂ ನೋಡಿದ್ದಾರಾ?

ಲ್ಯಾಬ್ ಕೋಣೆ:

ನೋಡಿಲ್ಲ. ನೋಡುವ ದಾರಿ ಇದೆ. 1975ರಲ್ಲಿ ನ್ಯೂಟ್ರಾನ್ ಅಲೆಯನ್ನು ಎರಡಾಗಿ ಒಡೆದು, ಒಂದನ್ನು ಮೇಲೆ ಒಂದನ್ನು ಕೆಳಗೆ ಕಳಿಸಿ, ಭೂಮಿಯ ಗುರುತ್ವ ಅವುಗಳ ಹೆಜ್ಜೆ ತಪ್ಪಿಸುವುದನ್ನು ಅಳೆದರು. ಅಲ್ಲಿ ಎಳೆಸಿಕೊಂಡ ಕಣ ಕ್ವಾಂಟಮ್. ಎಳೆದ ಭೂಮಿ ಅಲ್ಲ. ನಮಗೆ ಬೇಕಾದ್ದು ಉಲ್ಟಾ. ಎಳೆಯುವ ವಸ್ತುವೇ ಒಟ್ಟಿಗೆ ಎರಡು ಜಾಗದಲ್ಲಿ ಇದ್ದರೆ ಅದರ ಗುರುತ್ವ ಯಾವ ಕಡೆಗೆ? ಫೈನ್‌ಮನ್ 1957ರಲ್ಲೇ ಒಂದು ಸಮ್ಮೇಳನದಲ್ಲಿ ಇದನ್ನು ಎತ್ತಿದ್ದರು.

2017ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಒಂದೇ ಯೋಜನೆ ಮುಂದಿಟ್ಟವು. ಸುಗತೋ ಬೋಸ್ ಮತ್ತು ಸಂಗಡಿಗರು ಒಂದು ಕಡೆ, ಮಾರ್ಲೆಟ್ಟೊ ಮತ್ತು ವೆದ್ರಲ್ ಇನ್ನೊಂದು ಕಡೆ. ಎರಡು ಪುಟ್ಟ ವಸ್ತು. ಎರಡೂ ತಲಾ ಎರಡು ಜಾಗದಲ್ಲಿ. ನಡುವೆ ಗುರುತ್ವ ಬಿಟ್ಟು ಬೇರೆ ಬಲ ಇಲ್ಲ. ಕೊನೆಯಲ್ಲಿ ಅವುಗಳ ನಡುವೆ ಕ್ವಾಂಟಮ್ ಹೆಣಿಕೆ (ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸಲಾಗದ ನಂಟು) ಹುಟ್ಟಿದ್ದರೆ ಗುರುತ್ವ ಕ್ವಾಂಟಮ್ ಅಲ್ಲದ ಹಳೆಯ ಬಗೆಯ ಕ್ಷೇತ್ರ ಆಗಿರಲು ಸಾಧ್ಯವಿಲ್ಲ ಅನ್ನುವುದು ವಾದ. ಬೋಸ್ ಅವರ ಯೋಜನೆಗೆ ಬೇಕಾದ ತೂಕ ಸುಮಾರು 10⁻¹⁴ ಕೆಜಿ.

ಈಗ ಎಲ್ಲಿದ್ದೇವೆ ಅಂದರೆ, ಎರಡು ಜಾಗದಲ್ಲಿ ಇರಿಸಿ ತೋರಿಸಿದ ಭಾರಿ ಅಣುಗಳು 2019ರ ಹೊತ್ತಿಗೆ ಸುಮಾರು 4 × 10⁻²³ ಕೆಜಿ. ಇನ್ನೊಂದು ದಡದಲ್ಲಿ, 2021ರಲ್ಲಿ ವಿಯೆನ್ನಾದಲ್ಲಿ 90 ಮಿಲಿಗ್ರಾಂ ತೂಕದ ಚಿನ್ನದ ಗುಂಡುಗಳ ನಡುವಿನ ಗುರುತ್ವ ಅಳೆದರು. ಒಂದು ಕಡೆ ತೂಕ ಸಾಲದು, ಇನ್ನೊಂದು ಕಡೆ ಕ್ವಾಂಟಮ್ ಸಾಲದು. ನಡುವಿನ ಅಂತರ ದೊಡ್ಡದೇ. ಆದರೆ ಇದಕ್ಕೆ ಪ್ಲಾಂಕ್ ಶಕ್ತಿಯ ಯಂತ್ರ ಬೇಡ. ಒಳ್ಳೆಯ ನಿರ್ವಾತ, ತಂಪು, ಕದಲದ ಮೇಜು ಸಾಕು. ನನ್ನ ಆಸೆ ಪೂರ್ತಿ ಇದರ ಮೇಲಿದೆ.

ಮೂರನೇ ಬೆಂಚು:

ಮಗಳಿಗೆ ಗಡಿಯಾರದ ಉದಾಹರಣೆ ಹೇಳಿದೆ, ಮೇಷ್ಟ್ರೇ. ತಕ್ಷಣ ಒಪ್ಪಿದಳು. ಆಮೇಲೆ ಊಟದ ಮಧ್ಯೆ ಕೇಳಿದಳು: "ಆ ಸುತ್ತಿನ ಗಾತ್ರ ಎಲ್ಲ ಕಡೆ ಒಂದೇ ಇರಬೇಕು ಅಂತ ಯಾರು ಹೇಳಿದ್ರು? ಇಲ್ಲಿ ಚಿಕ್ಕದು, ಅಲ್ಲಿ ದೊಡ್ಡದು ಇರಬಾರ್ದಾ?"

ಗಣಿತ ಮೇಷ್ಟ್ರು:

ಅವಳಿಗೆ ನನ್ನ ನಮಸ್ಕಾರ ಹೇಳಿ. ಕಲೂಜಾ ಲೆಕ್ಕದಲ್ಲಿ ಮೂರನೆಯ ಕ್ಷೇತ್ರವೊಂದು ಬರುತ್ತದೆ, ಅದರ ವಿಷಯ ಇನ್ನೊಮ್ಮೆ ಅಂದಿದ್ದೆ. ಅದು ಇದೇ. ಆ ಕ್ಷೇತ್ರ ಅಂದರೆ ಸುತ್ತಿನ ಗಾತ್ರ. ಸಮೀಕರಣ ಅದನ್ನು ಕಟ್ಟಿಹಾಕುವುದಿಲ್ಲ. ಜಾಗದಿಂದ ಜಾಗಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗಬಹುದು. ಸುತ್ತು ಹಿಗ್ಗಿದರೆ ವಿದ್ಯುತ್ ಬಲದ ತೀವ್ರತೆಯೂ ಬದಲಾಗುತ್ತದೆ. ಹಾಗಾಗಿ ಪ್ರಶ್ನೆ ಹೀಗಾಗುತ್ತದೆ: ಹಿಂದೆ ವಿದ್ಯುತ್ ಬಲ ಈಗಿನಷ್ಟೇ ಇತ್ತಾ?

ಇದಕ್ಕೆ ಉತ್ತರ ನೆಲದಲ್ಲೇ ಸಿಕ್ಕಿತು. 1972ರಲ್ಲಿ ಗ್ಯಾಬೊನ್ ದೇಶದ ಓಕ್ಲೊ ಗಣಿಯ ಯುರೇನಿಯಂನಲ್ಲಿ ಯುರೇನಿಯಂ 235 ಅನ್ನುವ ಬಗೆಯ ಪ್ರಮಾಣ ಚೂರು ಕಡಿಮೆ ಇರುವುದು ಗೊತ್ತಾಯಿತು. ಸುಮಾರು 200 ಕೋಟಿ ವರ್ಷದ ಹಿಂದೆ ಅಲ್ಲಿ ಪರಮಾಣು ಕ್ರಿಯೆ ತಾನಾಗಿಯೇ ನಡೆದಿತ್ತು, ಅಂತರ್ಜಲದ ನೆರವಿನಿಂದ. ಅಲ್ಲಿನ ಸಮೇರಿಯಂ 149 ಅನ್ನುವ ಧಾತುವಿನ ಬಗೆ ನ್ಯೂಟ್ರಾನ್ ನುಂಗುವುದು ಒಂದು ನಿರ್ದಿಷ್ಟ ಶಕ್ತಿಯ ಹತ್ತಿರ ಬಹಳ ಜಾಸ್ತಿ. ವಿದ್ಯುತ್ ಬಲ ಸ್ವಲ್ಪ ಬೇರೆಯಿದ್ದಿದ್ದರೂ ಆ ಶಕ್ತಿ ಪಕ್ಕಕ್ಕೆ ಸರಿದು, ಸಮೇರಿಯಂ ಸುಡದೆ ಉಳಿಯುತ್ತಿತ್ತು. ಅದಿರಿನಲ್ಲಿ ನೋಡಿದರೆ ಸುಟ್ಟಿದೆ, ಇವತ್ತು ಸುಡಬೇಕಾದಷ್ಟೇ. ಶ್ಲ್ಯಾಖ್ಟರ್ ಇದನ್ನು 1976ರಲ್ಲಿ ಗಮನಿಸಿದರು. 1996ರಲ್ಲಿ ಡಮೂರ್ ಮತ್ತು ಡೈಸನ್ ಮತ್ತೆ ಲೆಕ್ಕ ಹಾಕಿದರು. ಬದಲಾವಣೆ ಇದ್ದರೂ ಒಂದು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು, ಅದಕ್ಕಿಂತ ಜಾಸ್ತಿ ಇಲ್ಲ.

ಅಂದರೆ ಸುತ್ತು ಇದ್ದರೆ ಅದನ್ನು ಯಾವುದೋ ಹಿಡಿದು ನಿಲ್ಲಿಸಿದೆ. ಏನು ಹಿಡಿದಿದೆ ಅನ್ನುವುದರ ಮೇಲೆ ಇವತ್ತಿಗೂ ಕೆಲಸ ನಡೆಯುತ್ತಿದೆ. ಅವಳಿಗೆ ಹೀಗೇ ಹೇಳಿ.